ಬಲಗಡೆಯ ಡಬ್ಬದ ಎಣ್ಣೆ

ತಂಪಣ್ಣ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಕೌಂಟರಿನ ಹಿಂದೆ ನಿಂತಿದ್ದ ಹಿರಿಯ ಸೊಸೆಯನ್ನು ನೋಡಿ ನಕ್ಕ, ಕೈನೋವು ಕಡಿಮೆಯಾಯಿತೇ ಎಂದು ವಿಚಾರಿಸಿದ, ಆಮೇಲೆ ಅವಳ ಭುಜದಾಚೆಗೆ ಕತ್ತು ಚಾಚಿ ಕೇಳಿದ:

"ಚಿಕ್ಕಕ್ಕ ಇಲ್ವಾ?"

ಅವನಿಗೆ ಬೇಕಾಗಿದ್ದದ್ದು ವ್ಯಾಕ್ಯೂಮ್ ಪಂಪಿಗೆ ಹಾಕುವ ಒಂದು ಬಾಟಲಿ ಎಣ್ಣೆ. ಅದು ಅವಳ ಕೈಗೆಟುಕುವಲ್ಲೇ ಇತ್ತು. ತಾನೇ ಕೊಡುತ್ತೇನೆ ಎಂದಳು. ಅವನು ಅವಸರವೇನಿಲ್ಲ, ಚಿಕ್ಕಕ್ಕ ಬರಲಿ, ಪಂಪಿನ ವಿಷಯ ಸ್ವಲ್ಪ ಕೇಳುವುದಿದೆ ಎಂದು ಸ್ಟೂಲು ಎಳೆದುಕೊಂಡು ಕೂತೇಬಿಟ್ಟ. ಊರಿಗೆಲ್ಲ ತಂಪು ಮಾಡಿಕೊಡುವ ಈ ಎ.ಸಿ. ಮೆಕ್ಯಾನಿಕ್‌ಗೆ ತನ್ನ ತಲೆಯನ್ನು ಮಾತ್ರ ತಂಪಾಗಿ ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಅದಕ್ಕೇ ಜೊತೆಯವರು ಆ ಹೆಸರಿಟ್ಟಿದ್ದರು. ಹಿಂದೆಲ್ಲ ಅರೆಗಳಿಗೆ ತಡವಾದರೂ ಕೌಂಟರು ಕುಟ್ಟುತ್ತಿದ್ದ ಮನುಷ್ಯ. ಅಂಥವನು ಈಗ ಕಾಲ ಮೇಲೆ ಕಾಲು ಹಾಕಿ ಕಾಯುತ್ತಿದ್ದಾನೆ. ಹಿರಿಯವಳು ಎತ್ತಿಕೊಂಡಿದ್ದ ಬಾಟಲಿಯನ್ನು ಕುಕ್ಕಿ ಇಟ್ಟಳು.

ಎ.ಸಿ., ಫ್ರಿಜ್‌ಗಳ ಬಿಡಿಭಾಗ ಮಾರುವ ಆ ಅಂಗಡಿಯನ್ನು ಕಟ್ಟಿದ್ದು ಮಾವ. ಒಂದು ಪಕ್ಕ ಟೈರಿನ ಅಂಗಡಿ, ಇನ್ನೊಂದು ಪಕ್ಕ ದಿನವಿಡೀ ಕಿರ್ರೆನ್ನುವ ಲೇತ್. ಮಾವ ಹಾಸಿಗೆ ಹಿಡಿದಾಗ ಇಬ್ಬರು ಗಂಡುಮಕ್ಕಳೂ ಹೊರಗೆ ಫಿಟ್ಟಿಂಗ್ ಕೆಲಸದಲ್ಲಿದ್ದರು. ಕೌಂಟರಿಗೆ ಜನ ಬೇಕಿತ್ತು. ಹಿರಿಯ ಸೊಸೆ ಸೆರಗು ಸಿಕ್ಕಿಸಿಕೊಂಡು ಕೂತಳು. ಮೊದಮೊದಲು ಮೆಕ್ಯಾನಿಕ್‌ಗಳು ಹೆಂಗಸಿಗೇನು ತಿಳಿದೀತು ಎಂದು ಮೂಗು ಮುರಿದಿದ್ದರು. ವರ್ಷ ಕಳೆಯುವುದರೊಳಗೆ ತಾಮ್ರದ ಪೈಪನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಅದರ ದಪ್ಪ ಹೇಳುವಷ್ಟು ಪಳಗಿದಳು. ಮಾವ ಹೋದ ಮೇಲೂ ಅಂಗಡಿ ಅಲ್ಲಾಡದೆ ನಿಂತದ್ದು ಅವಳಿಂದ. ಎಲ್ಲರಿಗೂ ಅವಳು ಅಕ್ಕ. ಬರೀ ಅಕ್ಕ.

ಆಮೇಲೆ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತಿದ್ದಷ್ಟು ದಿನ ಅಂಗಡಿಗೆ ಓರಗಿತ್ತಿ ಹೋದಳು. ಮೈದುನನ ಹೆಂಡತಿ, ಮದುವೆಯಾಗಿ ಬಂದು ಇನ್ನೂ ಮನೆಯ ಪಾತ್ರೆಪಗಡಗಳ ಜಾಗವೇ ಸರಿಯಾಗಿ ಗೊತ್ತಿಲ್ಲದವಳು. ದಿನಕ್ಕೆ ಹತ್ತಾರು ಸಲ ಫೋನು ಮಾಡಿ, ಅಕ್ಕ ಅದೆಲ್ಲಿದೆ, ಇದಕ್ಕೇನು ಹೇಳಲಿ ಎಂದು ಕೇಳುತ್ತಿದ್ದಳು. ಹಿರಿಯವಳು ಮನೆಯಲ್ಲಿ ಕೂತೇ ಅಂಗಡಿ ನಡೆಸಿದಂತಿತ್ತು. ಆಗ ಅದು ಹಿತವಾಗಿಯೇ ಇತ್ತು. ಬರಬರುತ್ತಾ ಫೋನು ಕಡಿಮೆಯಾಯಿತು. ಪಟ್ಟಿ ಬಿಚ್ಚಿಸಿಕೊಂಡು ಅವಳು ಅಂಗಡಿಗೆ ಹಿಂತಿರುಗಿದಾಗ ಸ್ಟೂಲು ಕಿಟಕಿಯ ಹತ್ತಿರಕ್ಕೆ ಹೋಗಿತ್ತು, ಎಣ್ಣೆಯ ಡಬ್ಬಗಳು ಬೇರೆ ಕಪಾಟಿಗೆ ಹೋಗಿದ್ದವು, ಅವಳ ಹೆಸರು ದೊಡ್ಡಕ್ಕ ಆಗಿಹೋಗಿತ್ತು. ಚಿಕ್ಕಕ್ಕ ಒಬ್ಬಳು ಹುಟ್ಟಿದ ಮೇಲೆ ಬರೀ ಅಕ್ಕನಿಗೆ ಜಾಗವೆಲ್ಲಿ?

ಕೈ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಭಾರ ಎತ್ತುವುದು ಬೇಡ, ಇಬ್ಬರೂ ಇರಲಿ ಎಂದು ಅತ್ತೆಯೇ ತೀರ್ಮಾನ ಮಾಡಿದರು. ಇಬ್ಬರೂ ಇದ್ದರು.

ಕಿರಿಯವಳ ರೀತಿಯೇ ಬೇರೆ. ಯಾರಾದರೂ ಪಂಪಿನ ಎಣ್ಣೆ ಕೇಳಿದರೆ ಹಿರಿಯವಳು ಬಾಟಲಿ ತೆಗೆದು ಕೊಟ್ಟುಬಿಡುತ್ತಿದ್ದಳು. ಎಲ್ಲರಿಗೂ ಒಂದೇ ಎಣ್ಣೆ, ತೆಳುವಾದದ್ದು. ಕಿರಿಯವಳು ಹಾಗೆ ಕೊಡುತ್ತಿರಲಿಲ್ಲ. ಪಂಪು ಹೊಸದೋ ಹಳೆಯದೋ, ಬಿಸಿಲಲ್ಲಿ ತಾರಸಿಯ ಮೇಲೆ ಓಡಿಸುತ್ತೀರೋ ಒಳಗೋ, ಹಿಂದಿನ ಎಣ್ಣೆ ಬಸಿದಾಗ ಹೇಗಿತ್ತು, ಹಾಲಿನ ಹಾಗೆ ಬೆಳ್ಳಗಾಗಿತ್ತೋ ಕಪ್ಪಗಾಗಿತ್ತೋ ಎಂದೆಲ್ಲ ಕೇಳುತ್ತಿದ್ದಳು. ಬೆಳ್ಳಗಾಗಿದ್ದರೆ ತೇವ ಸೇರಿದೆ, ಒಂದೇ ಸಲ ಬದಲಾಯಿಸಿದರೆ ಸಾಲದು, ತೊಳೆದು ಇನ್ನೊಮ್ಮೆ ಹಾಕಿ ಎನ್ನುತ್ತಿದ್ದಳು. ಸವೆದ ಹಳೆಯ ಪಂಪಿಗೆ, ಅದೂ ಬೇಸಿಗೆಯಲ್ಲಿ, ಸ್ವಲ್ಪ ಗಟ್ಟಿ ಎಣ್ಣೆ ಕೊಡುತ್ತಿದ್ದಳು. ಹೊಸ ಪಂಪಿಗೆ, ತಣ್ಣಗಿನ ದಿನಗಳಿಗೆ ತೆಳುವಾದದ್ದು.

ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಎ.ಸಿ.ಯವರಿಗೆ ಅದು ಸಣ್ಣದಲ್ಲ. ಪೈಪು ಬಿಚ್ಚಿ ರಿಪೇರಿ ಮಾಡಿದ ಮೇಲೆ ಒಳಗೆ ಸೇರಿಕೊಂಡ ಗಾಳಿ, ತೇವ ಎಲ್ಲವನ್ನೂ ಪಂಪು ಹೀರಿ ತೆಗೆಯಬೇಕು. ಆಮೇಲೆಯೇ ಗ್ಯಾಸು ತುಂಬುವುದು. ತೇವ ಉಳಿದರೆ ಇವತ್ತು ತಂಪಾದ ಎ.ಸಿ. ನಾಳೆ ಕೈಕೊಡುತ್ತದೆ. ಪಂಪಿನ ಒಳಗಿನ ಸಂದುಗೊಂದುಗಳನ್ನೆಲ್ಲ ಮುಚ್ಚಿ ಹಿಡಿಯುವುದು ಅದರ ಎಣ್ಣೆ. ಎಣ್ಣೆ ಸರಿಯಿಲ್ಲದಿದ್ದರೆ ಮೋಟಾರು ಎಷ್ಟು ಗುಡುಗಿದರೂ ಪ್ರಯೋಜನವಿಲ್ಲ. ಕಿರಿಯವಳು ಕೊಟ್ಟ ಎಣ್ಣೆಯಿಂದ ಒಳಗೆ ಎಷ್ಟು ಗಾಳಿ ಉಳಿದಿದೆಯೆಂದು ತೋರಿಸುವ ಗೇಜಿನ ಮುಳ್ಳು ಸರಸರ ಇಳಿಯಿತೆಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಇನ್ನೊಬ್ಬ ಮತ್ತೊಬ್ಬನಿಗೆ ಹೇಳಿದ. ಅವಳ ಕೈಗುಣ ಚೆನ್ನಾಗಿದೆ ಎಂಬ ಮಾತು ಹಬ್ಬಿತು.

ಹಿರಿಯವಳನ್ನು ಸುಟ್ಟದ್ದು ಇದೇ. ಇದರಲ್ಲಿ ಅವಳಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಮಾವ ಹೀಗೆಯೇ ಕೇಳಿ ಕೇಳಿ ಎಣ್ಣೆ ಕೊಡುತ್ತಿದ್ದರು, ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೆ ಎರಡೂ ಎಣ್ಣೆಯನ್ನು ಬೆರಳಿನಲ್ಲಿ ತಿಕ್ಕಿಸಿ ತೋರಿಸಿದ್ದರು. ಅಂಗಡಿ ಒಬ್ಬಳ ತಲೆಯ ಮೇಲೆ ಬಿದ್ದ ಕಾಲದಲ್ಲಿ, ಹತ್ತು ಜನ ಒಟ್ಟಿಗೆ ಕೌಂಟರು ಕುಟ್ಟುವಾಗ, ಪ್ರಶ್ನೆ ಕೇಳುತ್ತ ಕೂರಲು ಪುರಸೊತ್ತೆಲ್ಲಿತ್ತು? ಒಂದೊಂದಾಗಿ ಬಿಟ್ಟಿದ್ದಳು. ತಾನು ಬಿಟ್ಟದ್ದನ್ನು ಇವಳು ಎಲ್ಲಿಂದ ಹೆಕ್ಕಿಕೊಂಡಳು? ವಿಚಾರಿಸಿದರೆ, ಹಳೆಯ ಯಜಮಾನರು ಹೀಗೆ ಕೇಳುತ್ತಿದ್ದರೆಂದು ಇದೇ ತಂಪಣ್ಣ ಹೇಳಿಕೊಟ್ಟನಂತೆ. ಮನೆಯ ಬಂಗಾರ ಬೀದಿಯವನು ಎತ್ತಿ ಇನ್ನೊಬ್ಬಳ ಕೊರಳಿಗೆ ಹಾಕಿದಂತಾಯಿತು ಅವಳಿಗೆ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಅಂಗಡಿಯಿಂದ ಇಬ್ಬರೂ ಒಟ್ಟಿಗೇ ಬಂದರೂ ಅತ್ತೆ ಮೊದಲು ನೀರು ಕೊಡುವುದು ಕಿರಿಯವಳಿಗೆ. ಹಾಗೆಂದು ಹಿರಿಯವಳಿಗೆ ಅನ್ನಿಸತೊಡಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವಳ ಗಂಡ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಈ ಸಲ ಗಟ್ಟಿ ಎಣ್ಣೆಯ ಡಬ್ಬ ಎಷ್ಟು ಬೇಗ ಖಾಲಿಯಾಯಿತು ನೋಡು, ಇಷ್ಟು ವರ್ಷ ಅದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು ಎಂದ. ಮೈದುನ ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ, ಎಲ್ಲ ಅಕ್ಕ ಕಲಿಸಿದ್ದು ಎಂದಳು.

ಆ ಮಾತು ಹಿರಿಯವಳಿಗೆ ತುತ್ತಿನಲ್ಲಿ ಕಲ್ಲು ಸಿಕ್ಕಂತಾಯಿತು. ಒಳ್ಳೆಯ ಮಾತನ್ನೂ ಅವಳೇ ಆಡಬೇಕೇ? ಜಗಳ ತೆಗೆಯೋಣವೆಂದರೆ ಹಿಡಿಯಲು ಒಂದು ಎಳೆಯೂ ಸಿಗುವುದಿಲ್ಲವಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಹೊಸ ಸರಕು ಬಂದದ್ದು ಅದಾದ ಮುಂದಿನ ವಾರ. ಸರಬರಾಜು ಮಾಡುವವರು ಬದಲಾಗಿದ್ದರು. ಎಲ್ಲ ಎಣ್ಣೆಗಳೂ ಒಂದೇ ಬಗೆಯ ನೀಲಿ ಡಬ್ಬಗಳಲ್ಲಿ ಬಂದಿದ್ದವು. ಅಂಟಿಸಿದ ಚೀಟಿಯೊಂದೇ ಗುರುತು. ಎಡಗಡೆ ಪಂಪಿನ ಗಟ್ಟಿ ಎಣ್ಣೆ, ಬಲಗಡೆ ಕಂಪ್ರೆಸರಿನ ಎಣ್ಣೆ. ನೋಡಲು ಎರಡೂ ನೀರಿನ ಹಾಗೆ ತಿಳಿ. ಆದರೆ ಕಂಪ್ರೆಸರಿನ ಎಣ್ಣೆ ಗಾಳಿಯಲ್ಲಿರುವ ತೇವವನ್ನು ದಾಹಗೊಂಡವರ ಹಾಗೆ ಹೀರುತ್ತದೆ. ಎ.ಸಿ.ಯ ಗ್ಯಾಸನ್ನು ಒತ್ತುವ ಆ ಮುಚ್ಚಿದ ಯಂತ್ರದೊಳಗೆ ಅದು ಇರಬೇಕಾದ್ದೇ. ಪಂಪಿಗೆ ಹಾಕಿದರೆ ಮಾತ್ರ ಕೆಲಸ ಕೆಟ್ಟಿತು. ತೇವ ತೆಗೆಯಬೇಕಾದ ಪಂಪಿನ ಹೊಟ್ಟೆಯಲ್ಲೇ ತೇವ ತುಂಬಿಟ್ಟ ಹಾಗೆ. ಬಲಗಡೆಯ ಡಬ್ಬದ ಮುಚ್ಚಳ ತೆರೆದಾಗಿನಿಂದ ಸಡಿಲವಾಗಿಯೇ ಇತ್ತು.

ತಂಪಣ್ಣ ಮರುದಿನ ಬೆಳಗಿನ ಹೊತ್ತಿಗೆ ಬಂದ. ಪೇಟೆಯ ದೊಡ್ಡ ಹೂವಿನಂಗಡಿಯಲ್ಲಿ ಹೂ ಇಡುವ ಎ.ಸಿ. ಕೋಣೆ ಕೆಟ್ಟಿತ್ತು. ಪೈಪಿನ ತೂತು ಬೆಸೆದಾಗಿದೆ, ಈಗ ಗಾಳಿ ಹೀರಿಸಿ ಗ್ಯಾಸು ತುಂಬಿದರೆ ಆಯಿತು, ಪಂಪಿಗೆ ಹೊಸ ಎಣ್ಣೆ ಹಾಕಿಕೊಂಡೇ ಶುರುಮಾಡುತ್ತೇನೆ ಎಂದ. ಹೂವಿನಂಗಡಿಯಾಕೆ ತಲೆಯ ಮೇಲೆ ಕೂತಿದ್ದಾಳೆ, ಹೊರಗಿಟ್ಟ ಹೂ ಬಾಡುವುದರೊಳಗೆ ಮುಗಿಸಬೇಕು ಎಂದೂ ಹೇಳಿದ.

ಕಿರಿಯವಳು ಎಂದಿನಂತೆ ಪ್ರಶ್ನೆ ಕೇಳಿದಳು. ಹಳೆಯ ಪಂಪು, ಸುಡುವ ಬಿಸಿಲು. ಗಟ್ಟಿಯದನ್ನೇ ಕೊಡುತ್ತೇನೆ ಎಂದಳು. ಅಷ್ಟರಲ್ಲಿ ಫೋನು ಬಂತು. ಅವಳ ಗಂಡ ಯಾವುದೋ ಮೋಟಾರಿನ ನಂಬರು ಕೇಳುತ್ತಿದ್ದ. ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಮೇಲಿನ ಕಪಾಟಿನ ಮೋಟಾರಿನ ನಂಬರು ಓದುತ್ತಲೇ, ಅವಳು ಕೈ ಚಾಚಿ ಡಬ್ಬ ಬಗ್ಗಿಸಿದಳು. ಬಲಗಡೆಯ ಡಬ್ಬ.

ಹಿರಿಯವಳು ಗೋಡೆಯ ಪಕ್ಕದಲ್ಲಿ ಪೈಪಿಗೆ ಸುತ್ತುವ ಕಪ್ಪು ರಬ್ಬರು ಕತ್ತರಿಸುತ್ತ ನಿಂತಿದ್ದಳು. ಕಂಡಿತು. ಚೀಟಿಯ ಅಕ್ಷರವೂ ಕಂಡಿತು. "ಏಯ್, ಅದಲ್ಲ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

ಅದೇ ಹೊತ್ತಿಗೆ ತಂಪಣ್ಣ ನಗುತ್ತ ಹೇಳಿದ: "ಚಿಕ್ಕಕ್ಕ, ನೀವು ಕೊಟ್ರೆ ನಾನು ಕಣ್ಣು ಮುಚ್ಕೊಂಡು ಹಾಕ್ತೀನಿ."

ಹಾಕು, ಕಣ್ಣು ಮುಚ್ಚಿಕೊಂಡೇ ಹಾಕು ಎಂದಿತು ಹಿರಿಯವಳ ಮನಸ್ಸು. ಕತ್ತರಿ ರಬ್ಬರಿನ ಮೇಲೆ ಮುಂದುವರಿಯಿತು. ಕಿರಿಯವಳು ಬಾಟಲಿಯ ಮುಚ್ಚಳ ಬಿಗಿ ಮಾಡಿ, ಬಟ್ಟೆಯಿಂದ ಒರೆಸಿ ಕೊಟ್ಟಳು. ಅವನು ಮೆಟ್ಟಿಲಿಳಿದ. ಕೂಗಿ ಕರೆಯಲು ಆಗಲೂ ಹೊತ್ತಿತ್ತು. ಅವನ ಗಾಡಿ ಸ್ಟಾರ್ಟ್ ಆಗಲು ಎಂದೂ ಒಂದೇ ಒದೆತಕ್ಕೆ ಒಪ್ಪುತ್ತಿರಲಿಲ್ಲ. ಅವನು ಒದೆಯುವುದನ್ನೂ ಬೈಯುವುದನ್ನೂ ಅವಳು ಕೇಳುತ್ತಲೇ ನಿಂತಳು. ಆಮೇಲೆ ಗಾಡಿ ಹೊರಟುಹೋಯಿತು.

ಆ ದಿನ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮೊದಲು ಒಂದು ಬಗೆಯ ಖುಷಿಯಿತ್ತು. ಮೈಯೆಲ್ಲ ಹಗುರವಾದಂಥ, ಬಹಳ ದಿನದ ಮೇಲೆ ಬಂದಂಥ ಖುಷಿ. ಬರಲಿ, ಬಂದು ಕೌಂಟರು ಕುಟ್ಟಲಿ, ಚಿಕ್ಕಕ್ಕನ ಕೈಗುಣ ಬಯಲಾಗಲಿ. ಓರಗಿತ್ತಿಯ ಮುಖ ಸಣ್ಣಗಾಗುವುದನ್ನು ಕಣ್ಣಮುಂದೆ ತಂದುಕೊಂಡು ನೋಡಿದಳು. ಆಮೇಲೆ ತಾನು ಅಡ್ಡ ಬಂದು, ಹೋಗಲಿ ಬಿಡಪ್ಪ, ಹೊಸಬಳು ಎನ್ನುವುದು, ಸರಿಯಾದ ಎಣ್ಣೆ ತೆಗೆದುಕೊಡುವುದು. ಎಲ್ಲವನ್ನೂ ಮನಸ್ಸಿನಲ್ಲೇ ನಡೆಸಿದಳು.

ಮಧ್ಯಾಹ್ನ ಕಿರಿಯವಳು ಊಟದ ಡಬ್ಬಿ ಬಿಚ್ಚಿ ಅಕ್ಕನಿಗೆ ಮೊದಲು ಬಡಿಸಿದಳು. ಅಕ್ಕನ ನೋಯುವ ಕೈ ಕಡೆ ನೋಡಿ, ರಬ್ಬರು ಕತ್ತರಿಸುವುದು ತನಗೆ ಬಿಡಬಾರದಿತ್ತೇ ಎಂದು ಕೇಳಿದಳು. ಹಿರಿಯವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಈಗಲಾದರೂ ಒಂದು ಫೋನು ಮಾಡಿದರೆ ಮುಗಿಯಿತು. ಆದರೆ ಏನೆಂದು ಹೇಳುವುದು? ಈಗ ನೆನಪಾಯಿತು ಎನ್ನುವುದೇ? ಹೊತ್ತು ಕಳೆದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು, ಕಷ್ಟವಾದಷ್ಟೂ ತಪ್ಪು ಬಾಟಲಿ ತುಂಬಿದವಳ ಮೇಲೆಯೇ ಸಿಟ್ಟು ಬಂತು.

ಬಿಸಿಲು ಇಳಿಯುವ ಹೊತ್ತಿಗೆ ತಂಪಣ್ಣ ಬಂದ. ಅಂಗಿಯೆಲ್ಲ ಬೆವರು, ಮುಖದಲ್ಲಿ ಮಸಿ. ತಂದಿದ್ದ ಪಂಪನ್ನು ಕೌಂಟರಿನ ಮೇಲೆ ಕುಕ್ಕಿದ. ಹಿರಿಯವಳು ಕತ್ತರಿ ಕೆಳಗಿಟ್ಟು ಅವನ ಕಡೆ ತಿರುಗಿದಳು.

ಅವನು ಕೂಗಾಡಲಿಲ್ಲ. ಸೋತವನ ಹಾಗೆ ಸ್ಟೂಲಿನ ಮೇಲೆ ಕೂತ. ಬೆಳಗ್ಗೆಯಿಂದ ಪಂಪು ಓಡಿಸುತ್ತಿದ್ದೇನೆ, ಮುಳ್ಳು ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ, ಎಲ್ಲೋ ಸೋರುತ್ತಿದೆ ಎಂದುಕೊಂಡು ಎಲ್ಲ ಬೆಸುಗೆಯನ್ನೂ ಮತ್ತೆ ಬೆಸೆದೆ, ಪೈಪು ಬದಲಾಯಿಸಿದೆ, ಏನೂ ಆಗಲಿಲ್ಲ ಎಂದ. ಹೂವಿನಂಗಡಿಯಾಕೆ ಗುಲಾಬಿಯ ಕಟ್ಟುಗಳನ್ನು ಫುಟ್‌ಪಾತಿನ ಮೇಲೆ ಬಕೆಟ್ಟುಗಳಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿ, ಬಾಯಿಗೆ ಬಂದಂತೆ ಬೈಯುತ್ತಿದ್ದಾಳಂತೆ.

ಕಿರಿಯವಳು ಗಾಬರಿಯಿಂದ, ಎಣ್ಣೆ ಏನಾದರೂ ಹೆಚ್ಚುಕಡಿಮೆ ಆಗಿರಬಹುದೇ ಎಂದಳು.

"ಛೆ ಛೆ, ನೀವು ಕೊಟ್ಟ ಎಣ್ಣೆಲಿ ತಪ್ಪಿರಲ್ಲ ಬಿಡಿ" ಎಂದ ತಂಪಣ್ಣ. "ನನ್ನ ಪಂಪಿಗೇ ವಯಸ್ಸಾಯ್ತು. ಒಂದು ಹೊಸ ಪಂಪು ತೋರಿಸಿ, ತಗೊಂಡು ಹೋಗ್ತೀನಿ."

ಇದೇ ಮನುಷ್ಯ ಹಿಂದೊಮ್ಮೆ ಹಿರಿಯವಳು ಕೊಟ್ಟ ಒಂದು ತಿರುಪು ಕೂರಲಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ರಂಪ ಮಾಡಿದ್ದ. ಈಗ ಓರಗಿತ್ತಿಯ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು, ಗಟ್ಟಿಮುಟ್ಟಾದ ಪಂಪನ್ನು ಎಸೆದು ಹೊಸದು ಕೊಳ್ಳಲು ಹೊರಟಿದ್ದಾನೆ. ತಪ್ಪು ಮಾಡಿದರೂ ಅವಳೇ ಗೆಲ್ಲುತ್ತಾಳೆ ಎಂದರೆ ಇನ್ನು ತನಗೆ ಉಳಿದದ್ದೇನು? ಇಡೀ ದಿನ ಹಿಡಿದಿಟ್ಟುಕೊಂಡದ್ದೆಲ್ಲ ನೆತ್ತಿಗೇರಿತು.

"ಪಂಪಿಗೇನೂ ಆಗಿಲ್ಲ" ಎಂದಳು. "ಅದ್ರೊಳಗಿರೋದು ಕಂಪ್ರೆಸರ್ ಎಣ್ಣೆ. ಬಲಗಡೆ ಡಬ್ಬದಿಂದ ತುಂಬಿದ್ದಾಳೆ ನಿಮ್ಮ ಚಿಕ್ಕಕ್ಕ."

ಗೆದ್ದೆ ಎಂದುಕೊಂಡಳು. ಒಂದು ಕ್ಷಣ ಅಷ್ಟೇ.

ಕಿರಿಯವಳು ಕಪಾಟಿನ ಕಡೆ ತಿರುಗಿದಳು. ಬಲಗಡೆಯ ಡಬ್ಬದ ಚೀಟಿ ಓದಿದಳು. ಅವಳ ಕೈ ಬಾಯಿಗೆ ಹೋಯಿತು. ಆಮೇಲೆ ನಿಧಾನಕ್ಕೆ ಹಿರಿಯವಳ ಕಡೆ ನೋಡಿದಳು. ಪಂಪಿನ ಮುಚ್ಚಳವನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಬಾಟಲಿ ಕೌಂಟರಿನ ಮೇಲಿರಲಿಲ್ಲ, ಹೂವಿನಂಗಡಿಯಲ್ಲೇ ಉಳಿದಿತ್ತು.

"ಅಕ್ಕ, ನಿಮಗೆ ಹೇಗೆ ಗೊತ್ತಾಯ್ತು?"

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು. ಹಿರಿಯವಳು ಕಣ್ಣು ತಪ್ಪಿಸಿ ಕತ್ತರಿಗೆ ಕೈ ಹಾಕಿದಾಗ, ಅಕ್ಕ ಬೆಳಗ್ಗೆಯೇ ನೋಡಿದ್ದಾಳೆಂದು ಅವಳಿಗೇ ಗೊತ್ತಾಯಿತು. ತಂಪಣ್ಣನಿಗೂ ಗೊತ್ತಾಯಿತು. ಅವನು ತನ್ನ ಎಣ್ಣೆಗೈಯನ್ನು ನೋಡಿಕೊಳ್ಳುತ್ತ ಕೂತ. ಸಿಡುಕುವುದೇ ಹುಟ್ಟುಗುಣವಾದ ಮನುಷ್ಯ ಒಂದು ಮಾತೂ ಆಡದ್ದು ಹಿರಿಯವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಪಕ್ಕದ ಲೇತ್ ಕಿರ್ರೆನ್ನುತ್ತಲೇ ಇತ್ತು.

ಮೊದಲು ಮಾತಾಡಿದವಳು ಕಿರಿಯವಳೇ. ಈಗ ಏನು ಮಾಡಬೇಕು, ಪಂಪನ್ನು ತೊಳೆಯುವುದು ಹೇಗೆ ಎಂದು ಕೇಳಿದಳು. ತನಗೆ ಹಾಲಿನ ಹಾಗಾದ ಎಣ್ಣೆಯ ವಿಷಯ ಗೊತ್ತು, ಇಂಥದ್ದು ಗೊತ್ತಿಲ್ಲ ಎಂದಳು. ಹಿರಿಯವಳು ಎಡಗಡೆಯ ಡಬ್ಬ ಎತ್ತಿಕೊಂಡಳು. ನೋಯುವ ಕೈಯಲ್ಲೇ ಎತ್ತಿಕೊಂಡಳು. ಅಂಗಡಿಗೆ ಬಾಗಿಲು ಎಳೆದು ಮೂವರೂ ಹೂವಿನಂಗಡಿಗೆ ಹೋದರು. ತಂಪಣ್ಣ ಗಾಡಿಯಲ್ಲಿ, ಇವರಿಬ್ಬರು ಆಟೋದಲ್ಲಿ, ನಡುವೆ ಎಣ್ಣೆಯ ಡಬ್ಬ ಇಟ್ಟುಕೊಂಡು.

ಹೂವಿನಂಗಡಿಯಾಕೆ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು. ಬಂದವರನ್ನು ನೋಡಿ, ಒಬ್ಬನ ಕೈಲಾಗದ್ದಕ್ಕೆ ಮೂರು ಜನ ಬಂದಿರೇ ಎಂದು ಕೇಳಿದಳು. ಹೊರಗಿನ ಸಾಲಿನ ಬಕೆಟ್ಟುಗಳಲ್ಲಿ ಗುಲಾಬಿಗಳು ಕತ್ತು ಬಗ್ಗಿಸಿದ್ದವು. ಒಳಗಿನ ಸಾಲಿನವು ಇನ್ನೂ ಬಾಡಿರಲಿಲ್ಲ.

ಹಿರಿಯವಳು ನೆಲದ ಮೇಲೆ ಕೂತು ಕೆಲಸ ಹಿಡಿದಳು. ಪಂಪನ್ನು ಸ್ವಲ್ಪ ಓಡಿಸಿ ಬೆಚ್ಚಗೆ ಮಾಡಿ, ಎಣ್ಣೆಯನ್ನು ಪೂರ್ತಿ ಬಸಿದಳು. ಬೆಳಗ್ಗೆ ತಿಳಿಯಾಗಿದ್ದದ್ದು ಈಗ ಮಂಕಾಗಿತ್ತು. ಹೊಸ ಎಣ್ಣೆ ಒಂದಿಷ್ಟು ಹಾಕಿ, ತೇವ ಹೊರಹೋಗುವ ಸಣ್ಣ ತಿರುಪು ಸಡಿಲಿಸಿ ಓಡಿಸಿದಳು, ಅದನ್ನೂ ಬಸಿದಳು. ಮತ್ತೆ ಹಾಕಿದಳು, ಮತ್ತೆ ಬಸಿದಳು. ಬಸಿದ ಎಣ್ಣೆಯನ್ನು ಪ್ರತಿ ಸಲವೂ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದಳು. ಅವಳು ಕೇಳುವ ಮುಂಚೆಯೇ ಬಟ್ಟೆ, ಲೋಟ, ಸ್ಪ್ಯಾನರು ಕೈಗೆ ಬರುತ್ತಿದ್ದವು. ಕಿರಿಯವಳು ಎದುರು ಕೂತು ಒಂದೊಂದನ್ನೂ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಹಿರಿಯವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕಲಿಯುವ ಆಸೆ ಮಾತ್ರ ಇತ್ತು.

ಕೊನೆಗೆ ಲೋಟದಲ್ಲಿ ಬಿದ್ದ ಎಣ್ಣೆ ಹಾಕಿದಷ್ಟೇ ತಿಳಿಯಾಗಿ ಬಂತು. ಗುರುತಿನ ಗೆರೆಯವರೆಗೆ ಗಟ್ಟಿ ಎಣ್ಣೆ ತುಂಬಿ ಪಂಪು ಹಚ್ಚಿದರು. ಮುಳ್ಳು ಇಳಿಯಿತು, ಅರ್ಧ ದಾಟಿತು, ಇಳಿಯುತ್ತಲೇ ಹೋಯಿತು. ಪಂಪು ನಿಲ್ಲಿಸಿ ಕಾದು ನೋಡಿದರೂ ಮೇಲೇರಲಿಲ್ಲ. ತಂಪಣ್ಣ ಉಸಿರು ಬಿಟ್ಟು ಗ್ಯಾಸಿನ ಸಿಲಿಂಡರು ಎಳೆದುಕೊಂಡ. ಹಾಳಾದ ಹೂವಿನ ನಷ್ಟ ಅಂಗಡಿಯಿಂದ ಕಟ್ಟಿಕೊಡುತ್ತೇವೆ, ತಪ್ಪು ನನ್ನದು, ಬೇರೆ ಡಬ್ಬದಿಂದ ತುಂಬಿಬಿಟ್ಟೆ ಎಂದು ಕಿರಿಯವಳು ಹೂವಿನಂಗಡಿಯಾಕೆಯ ಎದುರು ನಿಂತು ಹೇಳಿದಳು. ಆಕೆ ಇನ್ನೂ ಸ್ವಲ್ಪ ಬೈದಳು, ಆಮೇಲೆ ಬಕೆಟ್ಟುಗಳನ್ನು ಒಳಗೆ ಸಾಗಿಸಲು ಕೈ ಹಾಕಿ ಎಂದಳು. ಎಲ್ಲರೂ ಸಾಗಿಸಿದರು.

ಹಿಂತಿರುಗುವಾಗ ಆಟೋದಲ್ಲಿ ಕಿರಿಯವಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

"ನನ್ನ ತಪ್ಪು ನಾನು ಮನೇಲಿ ಹೇಳ್ತೀನಿ ಅಕ್ಕ. ನಿಮ್ಮದು ಹೇಳಲ್ಲ. ತಂಪಣ್ಣನೂ ಹೇಳಲ್ಲ, ಕೇಳ್ಕೊಂಡಿದ್ದೀನಿ."

ಹಿರಿಯವಳು ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಒಂದು ಮಾತು ಮಾತ್ರ ಹೇಳ್ಬೇಕು ಅನ್ಸುತ್ತೆ. ನಾನು ಏನಾದ್ರೂ ತಪ್ಪು ಮಾಡಿದ್ರೆ ಹಿಂದೆ ಅಕ್ಕ ಇದ್ದಾರೆ, ನೋಡ್ಕೋತಾರೆ ಅಂತ ಧೈರ್ಯದಲ್ಲಿದ್ದೆ. ಅದಕ್ಕೇ ಫೋನು ಹಿಡ್ಕೊಂಡು ಎಣ್ಣೆ ತುಂಬಿದ್ದು. ಇನ್ಮೇಲೆ ತುಂಬಲ್ಲ."

ಅಳಲಿಲ್ಲ, ದನಿ ಏರಿಸಲಿಲ್ಲ. ಹಿರಿಯವಳಿಗೆ ಆಟೋ ನಿಲ್ಲಿಸಿ ಇಳಿದುಹೋಗೋಣ ಎನ್ನಿಸಿತು. ನಾಚಿಕೆಯಿತ್ತು, ಸಂಕಟವಿತ್ತು. ಆದರೆ ಅವೆರಡರ ಅಡಿಯಲ್ಲಿ, ಅವಳೇ ಬೆಚ್ಚಿಬೀಳುವಂತೆ, ಅದೇ ಹಳೆಯ ಉರಿ ಇನ್ನೂ ಇತ್ತು. ಈ ದೊಡ್ಡತನವೂ ಇವಳಿಗೇ ಸೇರಬೇಕೇ? ನನ್ನ ಗುಟ್ಟನ್ನು ಇವಳು ಸೆರಗಿನಲ್ಲಿ ಕಟ್ಟಿಕೊಂಡು ಜೀವಮಾನವಿಡೀ ಒಳ್ಳೆಯವಳಾಗಿ ಓಡಾಡುತ್ತಾಳೆ, ನಾನು ಅದರ ಹಂಗಿನಲ್ಲಿ ತಲೆ ತಗ್ಗಿಸಿರಬೇಕು.

ರಾತ್ರಿ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಕಿರಿಯವಳು ತನ್ನ ತಪ್ಪನ್ನು ಹೇಳಿಕೊಂಡಳು. ಅಕ್ಕ ಬಂದು ಸರಿಮಾಡಿದರೆಂದೂ ಹೇಳಿದಳು. ಹೋಗಲಿ ಬಿಡು, ಯಾರಿಗಾದರೂ ಆಗುವಂಥದ್ದೇ, ದೊಡ್ಡವಳು ಇದ್ದದ್ದಕ್ಕೆ ಮರ್ಯಾದೆ ಉಳಿಯಿತು ಎಂದರು ಅತ್ತೆ. ಹಿರಿಯವಳ ಗಂಡ ಹೆಂಡತಿಯ ಕಡೆ ನೋಡಿ ಮೆಚ್ಚಿಕೊಂಡು ನಕ್ಕ. ಎಷ್ಟೋ ದಿನದಿಂದ ಅವಳು ಕಾಯುತ್ತಿದ್ದ ನಗು.

ಆ ನಗುವನ್ನು ತಾಳಲಾಗಲಿಲ್ಲ.

"ಅವಳು ತಪ್ಪು ಡಬ್ಬ ಬಗ್ಗಿಸಿದ್ದನ್ನ ನಾನು ನೋಡಿದ್ದೆ" ಎಂದಳು. "ಆಗಲೇ ನೋಡಿದ್ದೆ. ನೋಡಿ ಸುಮ್ನಿದ್ದೆ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅತ್ತೆ, ಯಾಕೆ ಎಂದು ಕೇಳಿದರು.

"ಹೊಟ್ಟೆಕಿಚ್ಚು" ಎಂದಳು ಹಿರಿಯವಳು.

ಒಳ್ಳೆಯತನ ಬಂದು ಹೇಳಿದ್ದಲ್ಲ ಅದು. ಓರಗಿತ್ತಿಯ ಹಂಗಿನಿಂದ ತಪ್ಪಿಸಿಕೊಳ್ಳಲು ಹೇಳಿದ್ದು ಎಂದು ಅವಳಿಗೆ ಗೊತ್ತಿತ್ತು. ಹೇಳಿದ ಮೇಲೆ ಗೋಡೆಗೆ ಒರಗಿದಳು. ಮೈದುನ ಎದ್ದು ಹೊರಗೆ ಹೋದ. ಗಂಡನ ಮುಖದ ನಗು ಎಲ್ಲಿ ಹೋಯಿತೋ. ಅತ್ತೆ, ಇಷ್ಟು ದಿನ ಒಳಗೆ ಇಟ್ಟುಕೊಂಡು ಬೇಯುವ ಬದಲು ನನ್ನ ಹತ್ತಿರ ಜಗಳವಾಡಲು ನಿನಗೇನಾಗಿತ್ತು ಎಂದು ಕೇಳಿದರು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಗಂಡ ಬೇಕಾದಷ್ಟೇ ಮಾತಾಡಿದ. ತಂಪಣ್ಣ ಕೆಲವು ವಾರ ಅಂಗಡಿಯ ಕಡೆ ತಲೆಹಾಕಲಿಲ್ಲ. ಬಂದಾಗ, ಇಬ್ಬರಲ್ಲಿ ಯಾರು ಎಣ್ಣೆ ಕೊಟ್ಟರೂ ಮೊದಲು ಡಬ್ಬದ ಚೀಟಿ ಗಟ್ಟಿಯಾಗಿ ಓದಿ ಹೇಳಬೇಕು ಎಂದು ಷರತ್ತು ಹಾಕಿದ. ಅವನ ಮುಖ ನೋಡಿ ಕಿರಿಯವಳು ನಕ್ಕುಬಿಟ್ಟಳು. ಸ್ವಲ್ಪ ತಡವಾಗಿ ಹಿರಿಯವಳೂ ನಕ್ಕಳು. ಕಿರಿಯವಳು ಮಾತು ಬಿಟ್ಟಿರಲಿಲ್ಲ, ಊಟದ ಡಬ್ಬಿ ಬಿಚ್ಚಿ ಮೊದಲಿನಂತೆಯೇ ಬಡಿಸುತ್ತಿದ್ದಳು. ಆದರೆ ಎಣ್ಣೆ ತುಂಬುವಾಗ ಬೆನ್ನು ತೋರಿಸಿ ನಿಲ್ಲುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ, ಹಿರಿಯವಳು ತನ್ನ ಕಣ್ಣಿಗೆ ಬೀಳುವಂತೆ ನಿಲ್ಲುತ್ತಿದ್ದಳು. ಬೇಕೆಂದು ಮಾಡಿದ್ದೋ ಇಲ್ಲವೋ ಗೊತ್ತಿಲ್ಲ. ಹಿರಿಯವಳಿಗೆ ಪ್ರತಿ ಸಲವೂ ಚುಚ್ಚುತ್ತಿತ್ತು.

ವರ್ಷ ತಿರುಗುವುದರೊಳಗೆ ಅಣ್ಣತಮ್ಮಂದಿರು ಪೇಟೆಯ ಇನ್ನೊಂದು ತುದಿಯಲ್ಲಿ ಎರಡನೆಯ ಅಂಗಡಿ ತೆರೆದರು. ಕಿರಿಯವಳನ್ನು ಅಲ್ಲಿ ಕೂರಿಸೋಣವೆಂದು ಹೇಳಿದ್ದು ಹಿರಿಯವಳೇ. ಅವಳ ಮೇಲಿನ ಪ್ರೀತಿಗೆ ಹೇಳಿದೆನೋ, ಅವಳನ್ನು ದೂರ ಕಳಿಸಲು ಹೇಳಿದೆನೋ ಎಂದು ತನ್ನನ್ನೇ ಕೇಳಿಕೊಂಡಳು. ಎರಡೂ ಇರಬೇಕು ಎಂದುಕೊಂಡು ಸುಮ್ಮನಾದಳು. ಕೌಂಟರು ಪೂರ್ತಿ ಅವಳದಾಯಿತು. ಈಗ ಅವಳೂ ಪ್ರಶ್ನೆ ಕೇಳಿಯೇ ಎಣ್ಣೆ ಕೊಡುತ್ತಿದ್ದಳು. ಹೊಸ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಯಾರಾದರೂ ಹೇಳಿದರೆ ಸಂತೋಷವೆಂದು ಬಾಯಲ್ಲಿ ಹೇಳಿ, ಅಲ್ಲಿಗೆ ಎಷ್ಟು ಜನ ಬರುತ್ತಾರೆ ಎಂದು ಮಾತಿನಲ್ಲಿ ಮಾತು ಬೆರೆಸಿ ವಿಚಾರಿಸುತ್ತಿದ್ದಳು.

ಚಳಿಗಾಲದ ಒಂದು ಬೆಳಗ್ಗೆ, ಅಂಗಡಿಯಲ್ಲಿ ಜನ ತುಂಬಿದ್ದ ಹೊತ್ತಿನಲ್ಲಿ ಕಿರಿಯವಳ ಫೋನು ಬಂತು. ಒಬ್ಬ ಗಿರಾಕಿ ಪಂಪು ತಂದಿದ್ದಾನೆ, ರಾತ್ರಿಯೆಲ್ಲ ತಾರಸಿಯ ಮೇಲಿತ್ತಂತೆ, ಮೋಟಾರು ಗುರ್ರೆಂದು ಹಿಡಿದುಕೊಳ್ಳುತ್ತದೆ, ತಿರುಗುವುದೇ ಇಲ್ಲ, ಸುಟ್ಟುಹೋಗಿದೆಯೇ ಎಂದು ಕೇಳಿದಳು. ಗಿರಾಕಿ ದೊಡ್ಡ ಕಟ್ಟಡದ ಕೆಲಸದವನು, ಇವತ್ತು ಸರಿಹೋದರೆ ಇನ್ನು ಮುಂದೆ ನಮ್ಮಲ್ಲಿಗೇ ಬರುತ್ತಾನೆ ಎಂದೂ ಹೇಳಿದಳು.

ನಮ್ಮಲ್ಲಿಗೇ ಎಂದರೆ ನಿನ್ನಲ್ಲಿಗೆ ಎಂದುಕೊಂಡಳು ಹಿರಿಯವಳು. ಫೋನು ಕಿವಿಗೊತ್ತಿಕೊಂಡು, ಕೌಂಟರಿನಾಚೆ ಕಾಯುತ್ತಿದ್ದವರಿಗೆ ಇರಿ ಎಂದು ಕೈ ಮಾಡಿದಳು. ಒಳಗೆ ಯಾವ ಎಣ್ಣೆಯಿದೆ ಎಂದು ಕೇಳಿದಳು. ಗಟ್ಟಿಯದು ಎಂದು ಉತ್ತರ ಬಂತು.

"ಮೋಟಾರು ಸುಟ್ಟಿಲ್ಲ ಕಣೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿದ ಹಾಗಾಗಿದೆ. ಸ್ವಲ್ಪ ಹೊತ್ತು ಒಳಗೆ ಬೆಚ್ಚಗಿಟ್ಟು, ಬಸಿದು, ತೆಳುವಾದದ್ದು ಹಾಕು. ಮೊದಲು ಗಾಳಿ ಹೀರುವ ಬಾಯಿಯ ಮುಚ್ಚಳ ತೆಗೆದೇ ಓಡಿಸು, ಬೆಚ್ಚಗಾದ ಮೇಲೆ ಮುಚ್ಚು."

ಆ ಕಡೆಯಿಂದ ಸರಿ ಎಂಬ ದನಿ ಬಂತು, ಗಿರಾಕಿಗೆ ಏನೋ ಹೇಳಿದ್ದು ಕೇಳಿಸಿತು, ಅಷ್ಟರಲ್ಲೇ ಫೋನು ಕಡಿದುಹೋಯಿತು. ಹಿರಿಯವಳು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಇಷ್ಟೆಲ್ಲ ಹೇಳಿಕೊಟ್ಟರೂ, ಅಕ್ಕ, ನೀವಿಲ್ಲದಿದ್ದರೆ ಏನು ಗತಿ ಎಂಬ ಒಂದು ಮಾತಿಲ್ಲವಲ್ಲ ಎಂದು ಗೊಣಗಿಕೊಂಡಳು. ಸಂಜೆ ಅಂಗಡಿಗೆ ಬೀಗ ಹಾಕುವವರೆಗೂ ಗೊಣಗುತ್ತಲೇ ಇದ್ದಳು.